ಕುದುರೆಯ ಬಾಯಿಗೆ ಕೈ ಹಾಕುವ ವಿದ್ಯೆ

ವಿಜಯನಗರದ ಸಾಳುವ ನರಸಿಂಹ ಸತ್ತ ಕುದುರೆಯ ಬಾಲಕ್ಕೂ ಹಣ ಕೊಡುತ್ತಿದ್ದನಂತೆ. 1530ರ ದಶಕದಲ್ಲಿ ಹಂಪಿಯಲ್ಲಿದ್ದ ಪೋರ್ಚುಗೀಸ ಫೆರ್ನಾವ್ ನೂನಿಜ್ ಬರೆದಿಟ್ಟ ಸಂಗತಿ ಇದು. ಹೊರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಬರುವ ಕುದುರೆಗಳನ್ನು ಅರಸ ಸಾವಿರ ಪರದಾವ್ ನಾಣ್ಯಕ್ಕೆ ಮೂರರಂತೆ ಕೊಳ್ಳುತ್ತಿದ್ದ. ಸಮುದ್ರದಲ್ಲೇ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೂ ಸಾಕು, ಬದುಕಿ ಬಂದ ಕುದುರೆಯ ಬೆಲೆಯೇ ವ್ಯಾಪಾರಿಯ ಕೈಸೇರುತ್ತಿತ್ತು. ನೂನಿಜ್‌ನ ಕಾಲಕ್ಕೆ ಅರಮನೆ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿತ್ತು ಎಂದು ಅವನೇ ಹೇಳುತ್ತಾನೆ. ಭಟ್ಕಳ, ಗೋವೆಗಳಲ್ಲಿ ಇಳಿದ ಕುದುರೆ ಘಟ್ಟ ಹತ್ತಿ ತುಂಗಭದ್ರೆಯ ದಡಕ್ಕೆ ಬರುತ್ತಿತ್ತು. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಪೋರ್ಚುಗೀಸರೊಂದಿಗೆ ಆದ ಒಪ್ಪಂದದಲ್ಲೂ ಮುಖ್ಯವಾಗಿ ಇದ್ದದ್ದು ಕುದುರೆಯ ಮಾತೇ. ಗೋವೆಗೆ ಬಂದ ಕುದುರೆ ಬಿಜಾಪುರಕ್ಕೆ ಹೋಗಕೂಡದು, ವಿಜಯನಗರಕ್ಕೇ ಬರಬೇಕು.

ಆ ಹಣ ಎಲ್ಲಿ ಹೋಯಿತು ಎನ್ನುವುದು ಹಂಪಿಯ ಕಲ್ಲಿನಲ್ಲಿ ಇನ್ನೂ ಕಾಣುತ್ತದೆ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಟೊಪ್ಪಿಗೆ ತೊಟ್ಟ ಪರದೇಶಿಗಳು ಕುದುರೆ ಹಿಡಿದು ನಡೆಸಿಕೊಂಡು ಬರುತ್ತಿದ್ದಾರೆ. ಹಜಾರರಾಮ ಗುಡಿಯ ಪ್ರಾಕಾರದ ಹೊರಗೋಡೆಯಲ್ಲಿ ಆನೆಗಳ ಸಾಲಿನ ಜೊತೆಗೆ ಕುದುರೆಗಳ ಸಾಲು ಸುತ್ತಿ ಬರುತ್ತದೆ. ವಿಠ್ಠಲ ಗುಡಿಗೆ ಹೋಗುವ ದಾರಿಯಲ್ಲಿ ಕುದುರೆಗೊಂಬೆ ಮಂಟಪವೇ ಇದೆ. ವಿಜಯನಗರಕ್ಕೂ ಹಿಂದಿನ ಕಂಪಿಲಿಯ ಕುಮಾರರಾಮನ ಕಥೆ ಹೇಳುವವರು ಅವನ ಕುದುರೆ ಬೊಲ್ಲನನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಸಂಡೂರನ್ನು 1949ರವರೆಗೆ ಆಳಿದ ಘೋರ್ಪಡೆಯವರು ಮರಾಠಾ ಕುದುರೆ ದಂಡಿನ ಮನೆತನದವರು. ಇಷ್ಟೊಂದು ಕುದುರೆ ಕಂಡ ನೆಲ ಇದು. ಆದರೆ ಇವತ್ತು ಇಲ್ಲಿಯ ಒಂದು ಕುದುರೆ ಮೇವು ಬಿಟ್ಟರೆ, ಅದರ ಬಾಯಿ ತೆರೆಸಿ ಹಿಂದಿನ ದವಡೆಯವರೆಗೆ ಕೈ ಹಾಕಿ ನೋಡಬಲ್ಲವರನ್ನು ಹುಡುಕಿಕೊಂಡು ಬೆಂಗಳೂರಿನ ದಿಕ್ಕಿಗೆ ನೋಡಬೇಕು.

ಈ ಕೊರತೆ ಹೊಸದಲ್ಲ. 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಗೆ ವರ್ಷವರ್ಷ ಬರುವ ಕುದುರೆಗಳಲ್ಲಿ ಹೆಚ್ಚಿನವು ಆರೈಕೆಯಿಲ್ಲದೆ ಸಾಯುತ್ತವೆ ಎಂದು ಬರೆದ. ಕುದುರೆ ಮಾರುವವರು ತಮ್ಮ ಜೊತೆ ಲಾಳಗಾರನನ್ನಾಗಲಿ ವೈದ್ಯನನ್ನಾಗಲಿ ಕರೆತರುವುದಿಲ್ಲ, ಬರುವವರನ್ನೂ ತಡೆಯುತ್ತಾರೆ. ಕುದುರೆ ಸತ್ತಷ್ಟೂ ಮುಂದಿನ ವರ್ಷ ವ್ಯಾಪಾರ ಜಾಸ್ತಿ ಎಂಬುದು ಅವನ ಆರೋಪ. ಅವನ ಮಾತನ್ನು ಪೂರ್ತಿ ನಂಬಬೇಕಿಲ್ಲ. ದಕ್ಷಿಣದವರಿಗೆ ಕುದುರೆಯ ವಿದ್ಯೆಯೇ ಇರಲಿಲ್ಲ ಎನ್ನುವುದು ಸುಳ್ಳು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣ, ಪಳಗಿಸುವ ಕ್ರಮ ಎಲ್ಲ ಬರುತ್ತದೆ. ಕನ್ನಡದಲ್ಲೇ ಸುಮಾರು 1400ರಲ್ಲಿ ಅಭಿನವಚಂದ್ರ ಅಶ್ವವೈದ್ಯದ ಗ್ರಂಥ ಬರೆದ. ಆದರೂ ಪೋಲೊನ ಮಾತಿನಲ್ಲಿ ಒಂದು ನಿಜ ಉಳಿಯುತ್ತದೆ: ಕುದುರೆಯನ್ನು ದುಡ್ಡು ಕೊಟ್ಟು ತರಿಸಿಕೊಳ್ಳಬಹುದು, ಆರೈಕೆಯ ವಿದ್ಯೆಯನ್ನು ಇಲ್ಲಿಯ ಕೈಗಳಿಗೇ ಕಲಿಸಬೇಕು. ಹಲ್ಲಿನ ವಿಷಯದಲ್ಲಂತೂ ಆ ಕೆಲಸ ಇನ್ನೂ ಬಾಕಿ ಇದೆ.

ಹಲ್ಲು ನೋಡುವುದು ನಮಗೆ ಗೊತ್ತು. ದನದ ಸಂತೆಗೆ ಹೋದವರಿಗೆಲ್ಲ ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲಿನ ಹೋರಿ, ಬಾಯಿಗೂಡಿದ ಎತ್ತು ಎಂಬ ಲೆಕ್ಕ ಬಾಯಿಪಾಠ. ಎತ್ತಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಕೆಳಗಿನ ಎಂಟನ್ನು ನೋಡಿದರೆ ವಯಸ್ಸು ತಿಳಿಯಿತು. ಕುದುರೆಗೆ ಮೇಲೆ ಆರು, ಕೆಳಗೆ ಆರು ಬಾಚಿಹಲ್ಲು. ಅವುಗಳ ಲೆಕ್ಕವನ್ನು 6ನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯ ಅಶ್ವಲಕ್ಷಣದ ಅಧ್ಯಾಯದಲ್ಲಿ ಅಚ್ಚುಕಟ್ಟಾಗಿ ಕೊಟ್ಟಿದ್ದಾನೆ. ಆರು ಬಿಳಿ ಹಲ್ಲಿದ್ದರೆ ವರ್ಷದ ಮರಿ, ಅವು ಕಂದುಗೆಂಪಾದರೆ ಎರಡು ವರ್ಷ. ನಡುವಿನ ಜೋಡಿ ಬಿದ್ದು ಹುಟ್ಟಿದರೆ ಮೂರು, ಅದರ ಪಕ್ಕದ ಜೋಡಿಗೆ ನಾಲ್ಕು, ಕೊನೆಯ ಜೋಡಿಗೆ ಐದು. ಇವತ್ತಿನ ಪಶುವೈದ್ಯ ಪಠ್ಯ ಎರಡೂವರೆ, ಮೂರೂವರೆ, ನಾಲ್ಕೂವರೆ ಎನ್ನುತ್ತದೆ. ಹಲ್ಲು ಹೊರಬಂದು ಎದುರಿನ ಹಲ್ಲಿಗೆ ತಾಗುವಷ್ಟು ಬೆಳೆಯಲು ಬೇಕಾದ ಸಮಯ ಸೇರಿಸಿದರೆ ಎರಡೂ ಒಂದೇ. ಐದರ ನಂತರ ಹಲ್ಲಿನ ಮೇಲ್ಮೈಯ ಗುರುತು ಮೂರು ಮೂರು ವರ್ಷಕ್ಕೆ ಬದಲಾಗುತ್ತದೆ ಎಂದು ಅವನು ಹೇಳುತ್ತಾನೆ: ಕಪ್ಪು, ಹಳದಿ, ಬಿಳಿ, ಗಾಜಿನ ಬಣ್ಣ, ಜೇನಿನ ಬಣ್ಣ, ಶಂಖದ ಬಣ್ಣ, ಆಮೇಲೆ ಗುಳಿ, ಅಲುಗಾಟ, ಕೊನೆಗೆ ಬೀಳುವುದು. 19ನೇ ಶತಮಾನದಲ್ಲಿ ಸಿಡ್ನಿ ಗ್ಯಾಲ್ವೇನ್ ಎಂಬಾತ ಮೇಲಿನ ಮೂಲೆ ಹಲ್ಲಿನ ಉದ್ದಗೆರೆಯೊಂದನ್ನು ಗುರುತಿಸಿ ಹೆಸರಾದ. ಸುಮಾರು ಹತ್ತರ ವಯಸ್ಸಿಗೆ ಒಸಡಿನ ಹತ್ತಿರ ಕಾಣಿಸುವ ಆ ಗೆರೆ ಹದಿನೈದಕ್ಕೆ ಅರ್ಧ ಇಳಿದು, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಅವನಿಗಿಂತ ಸಾವಿರದ ಮುನ್ನೂರು ವರ್ಷ ಹಿಂದೆ ನಮ್ಮಲ್ಲೊಬ್ಬ ಹೀಗೆ ಕುದುರೆಯ ತುಟಿ ಎತ್ತಿ ಕೂತು ಬರೆದುಕೊಂಡಿದ್ದ ಎನ್ನುವುದನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ.

ಆದರೆ ಇದೆಲ್ಲ ಕೊಳ್ಳುವವನ ವಿದ್ಯೆ, ವಯಸ್ಸು ತಿಳಿದು ಬೆಲೆ ಕಟ್ಟುವವನದು. ಕುದುರೆಗೆ ಕಷ್ಟ ಬರುವುದು ಬಾಚಿಹಲ್ಲಿನ ಹಿಂದೆ, ತುಟಿ ಎತ್ತಿದರೆ ಕಾಣದ ಜಾಗದಲ್ಲಿ.

ಬಾಚಿಹಲ್ಲು ಹುಲ್ಲು ಕತ್ತರಿಸುವುದಕ್ಕೆ. ಅದರ ಹಿಂದೆ ಹಲ್ಲಿಲ್ಲದ ಬರಿಯ ಒಸಡಿನ ಅಂತರ, ಕಡಿವಾಣ ಕೂರುವುದು ಅಲ್ಲೇ. ಗಂಡು ಕುದುರೆಗೆ ಆ ಅಂತರದಲ್ಲಿ ನಾಲ್ಕು ಕೋರೆಹಲ್ಲು ಇರುತ್ತವೆ, ಹೆಣ್ಣಿಗೆ ಸಾಮಾನ್ಯವಾಗಿ ಇರುವುದಿಲ್ಲ. ಅದರ ಹಿಂದೆ ದವಡೆಹಲ್ಲು, ಒಂದೊಂದು ಬದಿಗೆ ಮೇಲೆ ಆರು, ಕೆಳಗೆ ಆರು, ಒಟ್ಟು ಇಪ್ಪತ್ತನಾಲ್ಕು. ಆರು ಹಲ್ಲೂ ಸಂದಿಯಿಲ್ಲದೆ ಒತ್ತಿಕೊಂಡು ಒಂದೇ ಬೀಸುಕಲ್ಲಿನ ಹಾಗೆ ಕೆಲಸ ಮಾಡುತ್ತವೆ. ನಮ್ಮ ಹಲ್ಲು ಒಮ್ಮೆ ಬೆಳೆದು ನಿಂತುಬಿಡುತ್ತದೆ. ಕುದುರೆಯ ದವಡೆಹಲ್ಲು ಎಳೆಯ ವಯಸ್ಸಿನಲ್ಲಿ ಏಳೆಂಟು ಸೆಂಟಿಮೀಟರ್ ಉದ್ದ ಇದ್ದು, ಬಹುಪಾಲು ಮೂಳೆಯೊಳಗೆ ಹೂತಿರುತ್ತದೆ. ಸವೆದಷ್ಟೂ ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಮೇಲೆ ಬರುತ್ತದೆ. ಆ ದಾಸ್ತಾನು ಮುಗಿದ ಮೇಲೆ ಮತ್ತೆ ಹಲ್ಲಿಲ್ಲ.

ತೊಂದರೆಗೆ ಕಾರಣ ದವಡೆಯ ಅಳತೆ. ಕುದುರೆಯ ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಕೆಳದವಡೆ ಪಕ್ಕಕ್ಕೆ ಸರಿದು, ಸುತ್ತಿ ಅರೆದಾಗ ಮಾತ್ರ ಹಲ್ಲಿನ ಪೂರ್ತಿ ಮೇಲ್ಮೈ ಸವೆಯುತ್ತದೆ. ಬಯಲಿನಲ್ಲಿ ತಲೆ ತಗ್ಗಿಸಿ ದಿನದ ಹದಿನಾರು ಗಂಟೆ ಹುಲ್ಲು ಮೇಯುವ ಕುದುರೆಗೆ ಈ ಅರೆತ ತಾನಾಗಿ ಆಗುತ್ತದೆ. ನಾವು ಅದನ್ನು ಲಾಯದಲ್ಲಿ ಕಟ್ಟಿದೆವು, ಕಾಳು ಕೊಟ್ಟೆವು. ಒಂದು ಕಿಲೋ ಒಣಹುಲ್ಲು ಅಗಿಯಲು ಕುದುರೆಗೆ ನಲವತ್ತು ನಿಮಿಷ ಬೇಕು. ಒಂದು ಕಿಲೋ ಓಟ್ಸ್ ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ. ಹುರುಳಿಯ ಕಥೆಯೂ ಹೆಚ್ಚು ಬೇರೆಯಲ್ಲ, ಬೇಯಿಸಿ ಕೊಟ್ಟರಂತೂ ನುಂಗುವುದಷ್ಟೇ ಕೆಲಸ. ಕಾಳು ತಿನ್ನುವಾಗ ದವಡೆ ಸುತ್ತುವುದಕ್ಕಿಂತ ಮೇಲೆ ಕೆಳಗೆ ಆಡುವುದೇ ಹೆಚ್ಚು. ಆಗ ಮೇಲಿನ ಹಲ್ಲಿನ ಹೊರ ಅಂಚು ಸವೆಯದೆ ಚೂಪಾಗಿ ಕೆನ್ನೆಗೆ ಚುಚ್ಚುತ್ತದೆ, ಕೆಳಗಿನ ಹಲ್ಲಿನ ಒಳ ಅಂಚು ನಾಲಿಗೆಗೆ ಚುಚ್ಚುತ್ತದೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಗೆ ಕುದುರೆಯ ಮಟ್ಟಿಗೆ ಇನ್ನೊಂದು ಸಾಲು ಸೇರಿಸಬೇಕು: ಕಾಳೂ ಇದೆ, ಹಲ್ಲೂ ಇದೆ, ಅಗಿಯಲು ಮಾತ್ರ ಆಗುವುದಿಲ್ಲ.

ಕುದುರೆ ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ. ಹಸಿದಿದ್ದರೆ ನೋವಿನಲ್ಲೇ ತಿನ್ನುತ್ತದೆ. ಹಾಗಾಗಿ ಲಕ್ಷಣಗಳನ್ನು ಲಾಯದ ನೆಲದಲ್ಲಿ ಹುಡುಕಬೇಕು. ಅರ್ಧ ಅಗಿದ ಹುಲ್ಲನ್ನು ಉಂಡೆ ಕಟ್ಟಿ ಉಗುಳಿದ್ದರೆ ದವಡೆಹಲ್ಲು ಕೆಟ್ಟಿದೆ ಎಂದು ಅನುಮಾನಿಸಬೇಕು. ಲದ್ದಿಯಲ್ಲಿ ಇಡಿಯ ಹುರುಳಿಕಾಳು, ಬೆರಳುದ್ದದ ಹುಲ್ಲಿನ ಎಳೆ ಸಿಕ್ಕರೂ ಅದೇ ಅನುಮಾನ. ತಿನ್ನುವಾಗ ತಲೆ ಒಂದು ಕಡೆ ವಾಲಿಸುವುದು, ಬಾಯಿಂದ ಕೊಳೆತ ವಾಸನೆ, ತಿಂಡಿ ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಪದೇ ಪದೇ ಹೊಟ್ಟೆನೋವು. ಮೂಗಿನ ಒಂದೇ ಹೊಳ್ಳೆಯಿಂದ ಕೀವು ಸುರಿಯುತ್ತಿದ್ದರೆ ನೆಗಡಿಯ ಮದ್ದು ಕೊಡುತ್ತ ಕೂರಬಾರದು. ಮೇಲಿನ ಹಿಂದಿನ ದವಡೆಹಲ್ಲುಗಳ ಬೇರು ಮೂಗಿನ ಪಕ್ಕದ ಪೊಳ್ಳಿನೊಳಗೇ ಇರುವುದರಿಂದ ಕೊಳೆತ ಹಲ್ಲಿನ ಕೀವು ಅಲ್ಲಿಂದ ಇಳಿಯುತ್ತದೆ.

ಹೊಸಪೇಟೆಯ ಮದುವೆ ಮೆರವಣಿಗೆಯಲ್ಲಿ ವರನನ್ನು ಹೊತ್ತ ಕುದುರೆಯನ್ನು ನೋಡಿ. ಬ್ಯಾಂಡು, ಪಟಾಕಿ, ಜನರೇಟರ್ ದೀಪಗಳ ನಡುವೆ ಅದು ತಲೆ ಮೇಲಕ್ಕೆ ಎಸೆಯುತ್ತದೆ, ಬಾಯಿ ತೆರೆದು ನಾಲಿಗೆ ಹೊರಚಾಚುತ್ತದೆ. ಹಿಡಿದವನು ಲಗಾಮು ಇನ್ನೂ ಬಿಗಿಯುತ್ತಾನೆ. ಸುತ್ತಲಿನವರು ಮೊಂಡು ಕುದುರೆ ಎನ್ನುತ್ತಾರೆ. ಲಗಾಮು ಎಳೆದಾಗ ಕಡಿವಾಣ ಕೆನ್ನೆಯನ್ನು ಒಳಕ್ಕೆ ಒತ್ತಿ ಹಲ್ಲಿನ ಚೂಪು ಅಂಚಿಗೆ ತಳ್ಳುತ್ತಿದೆಯೇ, ಮೊದಲ ದವಡೆಹಲ್ಲಿನ ಮುಂದೆ ಹುಟ್ಟುವ ಪುಟ್ಟ ತೋಳಹಲ್ಲಿಗೆ ಕಬ್ಬಿಣ ಬಡಿಯುತ್ತಿದೆಯೇ ಎಂದು ಕೇಳುವವರಿಲ್ಲ. ಮುಳ್ಳಿನ ಕಡಿವಾಣವನ್ನು ಭಾರ ಎಳೆಯುವ, ಹೊರುವ ಪ್ರಾಣಿಗಳಿಗೆ ಸಂಬಂಧಿಸಿದ 1965ರ ಕೇಂದ್ರ ನಿಯಮಗಳೇ ನಿಷೇಧಿಸಿವೆ. ಬಾಯೊಳಗೆ ತಾನಾಗಿ ಬೆಳೆದ ಮುಳ್ಳಿಗೆ ಕಾನೂನು ಏನೂ ಮಾಡಲಾರದು. ಅದಕ್ಕೆ ಕಲಿತ ಕೈ ಬೇಕು.

ಆ ಕೈ ಏನು ಮಾಡುತ್ತದೆ? ಕಲಿತವರು ಮೊದಲು ಬಾಯಿ ತೆರೆಸುವುದಿಲ್ಲ. ಕುದುರೆ ನಿಂತ ಬಗೆ, ನಡೆಯುವ ಬಗೆ, ಮೇಯುವ ಬಗೆ ನೋಡುತ್ತಾರೆ. ಕಿವಿಯ ಕೆಳಗಿನ ದವಡೆಕೀಲನ್ನು ಎರಡೂ ಕಡೆ ಒಟ್ಟಿಗೆ ಒತ್ತಿ ನೋಡುತ್ತಾರೆ. ಹೊರಗಿನಿಂದ ಕೆನ್ನೆಯ ಮೇಲೆ ಬೆರಳಿಟ್ಟು, ಮೇಲಿನ ಹಲ್ಲಿನ ಸಾಲಿನುದ್ದಕ್ಕೂ ಮೆಲ್ಲಗೆ ಒತ್ತುತ್ತ ಹೋಗುತ್ತಾರೆ. ಚುಚ್ಚುವ ಜಾಗ ಬಂದಾಗ ಕುದುರೆ ತಲೆ ಕೊಡವುತ್ತದೆ. ಆಮೇಲೆ ತುಟಿ ಬಿಡಿಸಿ, ಬಾಚಿಹಲ್ಲುಗಳು ಕೂಡಿರುವಾಗಲೇ ತಲೆಯನ್ನು ಮೇಲಕ್ಕೆತ್ತಿ, ಕೆಳಕ್ಕಿಳಿಸಿ ನೋಡುತ್ತಾರೆ. ತಲೆ ತಗ್ಗಿದಾಗ ಕೆಳದವಡೆ ತುಸು ಮುಂದಕ್ಕೆ ಜಾರಬೇಕು. ಹಿಂದಿನ ಹಲ್ಲೊಂದು ಕೊಕ್ಕೆಯಾಗಿ ಬೆಳೆದು ಸಿಕ್ಕಿಕೊಂಡಿದ್ದರೆ ಜಾರುವುದಿಲ್ಲ, ಆ ಕುದುರೆ ಕತ್ತು ಬಾಗಿಸಲು ಒಪ್ಪುವುದಿಲ್ಲ. ಇಷ್ಟಾದ ಮೇಲೆ ಪಶುವೈದ್ಯರು ಮಂಪರಿನ ಚುಚ್ಚುಮದ್ದು ಕೊಡುತ್ತಾರೆ. ಬಾಯಿಗೆ ಕಬ್ಬಿಣದ ಚೌಕಟ್ಟು ಕಟ್ಟಿ ಹಂತಹಂತವಾಗಿ ತೆರೆಯುತ್ತಾರೆ. ತಲೆಗೆ ದೀಪ ಕಟ್ಟಿಕೊಂಡು ಒಳಗೆ ನೋಡಿದರೆ ಕೆನ್ನೆಯ ಒಳಗೋಡೆಯಲ್ಲಿ ಸಾಲು ಹುಣ್ಣು, ಎರಡು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ಕೊಳೆತ ಹುಲ್ಲು ಕಾಣಬಹುದು. ಉದ್ದ ಹಿಡಿಯ ಅರದಿಂದ ಚೂಪು ಅಂಚನ್ನಷ್ಟೇ ಉಜ್ಜಿ ತೆಗೆಯುವುದು ಇಲ್ಲಿಯ ಮುಖ್ಯ ಕೆಲಸ.

ಕಲಿಕೆ ಬೇಕಾಗುವುದು ಈ ‘ಅಷ್ಟೇ’ ಎನ್ನುವ ಕಡೆ. ಹಲ್ಲಿನ ಮೇಲ್ಮೈ ಒರಟಾಗಿಯೇ ಇರಬೇಕು, ನುಣುಪಾದರೆ ಅರೆಯುವುದಿಲ್ಲ. ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಮೇಲೆ ಬರುವ ಹಲ್ಲಿನಿಂದ ಐದು ಮಿಲಿಮೀಟರ್ ಉಜ್ಜಿ ತೆಗೆದರೆ ಎರಡು ವರ್ಷದ ದಾಸ್ತಾನು ಒಂದೇ ಬೆಳಿಗ್ಗೆ ಹೋಯಿತು. ವಿದ್ಯುತ್ ಯಂತ್ರದ ಅರ ಬಂದಮೇಲೆ ಕೆಲಸ ಸುಲಭವಾಗಿದೆ, ಅಪಾಯವೂ ಹೆಚ್ಚಿದೆ. ನೀರು ಹಾಯಿಸದೆ ಒಂದೇ ಕಡೆ ಒತ್ತಿ ಹಿಡಿದರೆ ಹಲ್ಲು ಕಾದು ಒಳಗಿನ ಜೀವತಂತು ಸಾಯುತ್ತದೆ. ಕುದುರೆ ಆ ದಿನ ಏನೂ ತೋರಿಸುವುದಿಲ್ಲ. ತಿಂಗಳುಗಳ ನಂತರ ಹಲ್ಲು ಕೊಳೆಯುತ್ತದೆ.

ಪಶ್ಚಿಮದ ದೇಶಗಳಲ್ಲಿ ಇದಕ್ಕೆಂದೇ ಶಾಲೆಗಳಿವೆ. ಅಮೆರಿಕದ ಐಡಹೊ ರಾಜ್ಯದ ಗ್ಲೆನ್ಸ್ ಫೆರಿಯ ಅಕಾಡೆಮಿ ಆಫ್ ಈಕ್ವೈನ್ ಡೆಂಟಿಸ್ಟ್ರಿ ಹೆಸರಾದದ್ದು. ಬ್ರಿಟನ್ನಿನಲ್ಲಿ ಪರೀಕ್ಷೆ ಪಾಸಾದ ದಂತ ತಂತ್ರಜ್ಞರ ಸಂಘವೇ ಇದೆ. ಅವರು ಯಾವ ಕೆಲಸ ಮಾಡಬಹುದು, ಯಾವುದು ಪಶುವೈದ್ಯರಿಗೇ ಬಿಟ್ಟದ್ದು ಎಂಬ ಗೆರೆಯೂ ಅಲ್ಲಿದೆ. ಇಂಥ ಕಲಿಕೆ ಬುರುಡೆಯಿಂದ ಶುರುವಾಗುತ್ತದೆ. ಸತ್ತ ಕುದುರೆಗಳ ತಲೆಬುರುಡೆ ಹಿಡಿದು, ಮರಿಯ ಹಲ್ಲು ಹೇಗಿರುತ್ತದೆ, ಇಪ್ಪತ್ತರ ಮುದಿ ಕುದುರೆಯದು ಹೇಗೆ ಸವೆದಿರುತ್ತದೆ ಎಂದು ಕೈಗೆ ಗೊತ್ತಾಗಬೇಕು. ಆಮೇಲೆ ಜೀವಂತ ಕುದುರೆ, ಅದೂ ಗುರುವಿನ ಕಣ್ಣೆದುರು.

ಇದರೊಳಗೆ ‘ಹೋಲಿಸ್ಟಿಕ್’ ಎಂದು ಹೇಳಿಕೊಳ್ಳುವ ಒಂದು ಧಾರೆ ಇದೆ. ಹಲ್ಲನ್ನು ಮಾತ್ರ ನೋಡಬೇಡಿ, ಇಡೀ ಕುದುರೆಯನ್ನು ನೋಡಿ ಎನ್ನುವುದು ಅದರ ಮಾತು. ಇದರ ತಿರುಳು ನನಗೆ ಒಪ್ಪಿಗೆ, ಯಾಕೆಂದರೆ ಶರೀರದ ರಚನೆಯೇ ಅದನ್ನು ಹೇಳುತ್ತದೆ. ನಾಲಿಗೆಯ ಬುಡದಲ್ಲಿರುವ ಪುಟ್ಟ ಮೂಳೆಯೊಂದು ಮೇಲೆ ದವಡೆಕೀಲಿನ ಹತ್ತಿರ ತಲೆಬುರುಡೆಗೆ ಅಂಟಿಕೊಂಡಿದೆ. ಅದೇ ಮೂಳೆಯಿಂದ ಹೊರಟ ಸ್ನಾಯುಗಳು ಕತ್ತಿನಲ್ಲಿ ಇಳಿದು ಎದೆಮೂಳೆಯನ್ನೂ ಭುಜವನ್ನೂ ಸೇರುತ್ತವೆ. ಬಾಯಿ ನೊಂದ ಕುದುರೆ ದವಡೆ ಬಿಗಿಹಿಡಿದರೆ ಕತ್ತು ಬಿಗಿಯುತ್ತದೆ, ಮುಂಗಾಲಿನ ಹೆಜ್ಜೆ ಕುಗ್ಗುತ್ತದೆ. ಆಗ ಕಾಲಿಗೆ ಎಣ್ಣೆ ತಿಕ್ಕಿ ಪ್ರಯೋಜನವಿಲ್ಲ. ಹಾಗೆಯೇ ಮೇವನ್ನು ಎತ್ತರದ ಗೂಡೆಯಲ್ಲಿ ಕಟ್ಟುವ ಬದಲು ನೆಲಮಟ್ಟದಲ್ಲಿ ಇಡಿ ಎಂಬ ಸಲಹೆ ಖರ್ಚಿಲ್ಲದ್ದು, ಸರಿಯಾದದ್ದು. ತಲೆ ತಗ್ಗಿದಾಗ ದವಡೆ ಹುಟ್ಟಿನಿಂದ ಬಂದ ಸ್ಥಾನಕ್ಕೆ ಬರುತ್ತದೆ. ಆದರೆ ಇದೇ ಧಾರೆಯ ಕೆಲವರು ಬಾಚಿಹಲ್ಲು ಕತ್ತರಿಸಿ ಅಳತೆಗೆ ತಂದರೆ ಬೆನ್ನಿನ, ನಡಿಗೆಯ, ಸ್ವಭಾವದ ದೋಷಗಳೆಲ್ಲ ಸರಿಹೋಗುತ್ತವೆ ಎಂದು ಭರವಸೆ ಕೊಡುತ್ತಾರೆ. ಅಷ್ಟು ದೊಡ್ಡ ಮಾತಿಗೆ ತಕ್ಕ ಪುರಾವೆ ಇಲ್ಲ. ಮಂಪರು ಮದ್ದೇ ಬೇಡ, ಕುದುರೆಯ ವಿಶ್ವಾಸ ಗಳಿಸಿದರೆ ಸಾಕು ಎನ್ನುವವರ ಬಗ್ಗೆಯೂ ನನಗೆ ಆತಂಕವಿದೆ. ವಿಶ್ವಾಸ ಬೇಕೇ ಬೇಕು. ಆದರೆ ನೋಯುವ ಹಿಂದಿನ ಹಲ್ಲಿಗೆ ಅರ ತಾಗುವಾಗ ನಾಲ್ಕು ಕ್ವಿಂಟಲ್ ತೂಕದ ಪ್ರಾಣಿಯಿಂದ ವಿಶ್ವಾಸವನ್ನಷ್ಟೇ ಬೇಡುವುದು ಅದಕ್ಕೂ ಹಿಂಸೆ, ಹಿಡಿದವರಿಗೂ ಅಪಾಯ.

ನಮ್ಮ ದೇಶದಲ್ಲಿ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ, 1984ರ ಪ್ರಕಾರ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ. ಸಣ್ಣಪುಟ್ಟ ಸೇವೆಗಳನ್ನು ತರಬೇತಾದವರು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಲು ರಾಜ್ಯ ಸರ್ಕಾರ ಅವಕಾಶ ಕೊಡಬಹುದು. ಹೊರದೇಶದ ಪ್ರಮಾಣಪತ್ರ ಹಿಡಿದು ಬಂದವರು ತಾವೇ ಚುಚ್ಚುಮದ್ದು ಕೊಟ್ಟು ಹಲ್ಲು ಕೀಳುವಂತಿಲ್ಲ. ಈ ಗೆರೆ ಒಳ್ಳೆಯದೇ. ತೊಂದರೆ ಬೇರೆ ಕಡೆ ಇದೆ. ಐದೂವರೆ ವರ್ಷದ ಪಶುವೈದ್ಯ ಪದವಿಯಲ್ಲಿ ದನ, ಎಮ್ಮೆ, ಕುರಿ, ಕೋಳಿ, ನಾಯಿಗಳಿಗೆ ಹೋದ ಸಮಯ ಕುದುರೆಯ ಬಾಯಿಗೆ ಸಿಗುವುದಿಲ್ಲ. ರೈತರ ಬದುಕು ನಿಂತಿರುವುದು ದನದ ಮೇಲೆ, ಅದು ಸಹಜ. ಕುದುರೆಯ ಅನುಭವ ಬೇಕೆಂದರೆ ಮೀರತ್‌ನ ಸೇನಾ ರಿಮೌಂಟ್ ವೆಟರ್ನರಿ ಕೋರ್ ಕೇಂದ್ರ, ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ನಮ್ಮಲ್ಲಿ ಕುಣಿಗಲ್ ಸ್ಟಡ್ ಫಾರ್ಮ್, ಬೆಂಗಳೂರು ಮತ್ತು ಮೈಸೂರಿನ ರೇಸ್ ಲಾಯಗಳು, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ. ರೇಸಿನ ಕುದುರೆಯ ಹಲ್ಲಿಗೆ ಕಾಲಕಾಲಕ್ಕೆ ಅರ ಬೀಳುತ್ತದೆ. ಅದರ ಒಂದು ಸೆಕೆಂಡಿಗೂ ಬೆಲೆಯಿದೆ. ಮದುವೆ ಕುದುರೆ, ಗಾಡಿ ಕುದುರೆ, ಇಟ್ಟಿಗೆ ಹೊರುವ ಕತ್ತೆ ಈ ಲೆಕ್ಕಕ್ಕೆ ಬರುವುದಿಲ್ಲ. ಕತ್ತೆಯ ಬಾಯಿಯೂ ಕುದುರೆಯ ಹಾಗೆಯೇ, ಅದರ ಹಲ್ಲೂ ಅದೇ ರೀತಿ ಚೂಪಾಗುತ್ತದೆ. ಸಹಿಸಿಕೊಳ್ಳುವುದು ಇನ್ನೂ ಹೆಚ್ಚು, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಸಂಖ್ಯೆ ಕಡಿಮೆಯಾಗುತ್ತಿದೆ ಎನ್ನುವುದು ಒಂದು ನೆವ. 2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ, ತಟ್ಟುಗಳು 3.4 ಲಕ್ಷಕ್ಕೆ ಇಳಿದಿದ್ದವು. ಏಳು ವರ್ಷದಲ್ಲಿ ಶೇ 45ಕ್ಕಿಂತ ಹೆಚ್ಚು ಇಳಿಕೆ. ಹೊಸಪೇಟೆ ರೈಲು ನಿಲ್ದಾಣದ ಮುಂದೆ ಗಿರಾಕಿಗಾಗಿ ಕಾಯುತ್ತಿದ್ದ ಟಾಂಗಾಗಳ ಜಾಗವನ್ನು ಆಟೊಗಳು ಹಿಡಿದು ಎಷ್ಟೋ ಕಾಲವಾಯಿತು. ಆದರೆ ಉಳಿದಿರುವ ಕುದುರೆಯ ಮೇಲೆ ಒಂದು ಮನೆಯ ವರಮಾನ ನಿಂತಿದೆ. ಅದು ಸರಿಯಾಗಿ ಅಗಿದರೆ ಅದೇ ಮೇವಿನಲ್ಲಿ ಮೈ ತುಂಬುತ್ತದೆ. ಅಗಿಯದಿದ್ದರೆ ಕೊಟ್ಟ ಹುರುಳಿ ಲದ್ದಿಯಲ್ಲಿ ಹಾಗೇ ಬರುತ್ತದೆ. ಕಂಪ್ಲಿಯ ಕಡೆ ಸುಲಭಕ್ಕೆ ಸಿಗುವ ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಸಂಡೂರಿನ ಗುಡ್ಡದ ಬದಿಯ ಹುಲ್ಲಿನ ಮೇಲೆ ಕೆಮ್ಮಣ್ಣಿನ ದೂಳು ಕೂರುತ್ತದೆ. ಎರಡೂ ಹಲ್ಲನ್ನು ಸವೆಸುವಂಥವು. ಯಾವ ಊರಿನ ಕುದುರೆಯ ಹಲ್ಲು ಹೇಗೆ ಸವೆಯುತ್ತಿದೆ ಎಂದು ನೋಡಿ ಬರೆದಿಡುವ ಕೆಲಸವೂ ಈ ತರಬೇತಿಯ ಭಾಗವಾಗಬೇಕು.

ಇದಕ್ಕೆ ಹೊಸ ಕಾಲೇಜು ಕಟ್ಟಬೇಕಿಲ್ಲ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಗದಗದಲ್ಲಿ ಕಾಲೇಜಿದೆ, ಹೊಸಪೇಟೆಯಿಂದ ನೇರ ರೈಲಿನ ದಾರಿ. ತಾಲ್ಲೂಕು ಪಶು ಆಸ್ಪತ್ರೆಗಳು ಹೊಸಪೇಟೆ, ಸಂಡೂರು, ಕಂಪ್ಲಿ ಮೂರರಲ್ಲೂ ಇವೆ. ಬೇಕಾದದ್ದು ಒಂದು ಬಾಯಿಚೌಕಟ್ಟು, ನಾಲ್ಕೈದು ಬಗೆಯ ಕೈ ಅರ, ತಲೆದೀಪ, ಮಂಪರಿನ ಮದ್ದು, ಬಾಯಿ ತೊಳೆಯಲು ದೊಡ್ಡ ಪಿಚಕಾರಿ, ಕುದುರೆಯ ಕೆಲಸದಲ್ಲಿ ಪಳಗಿದ ಒಬ್ಬ ವೈದ್ಯರು. ಕಿರಿಯ ವೈದ್ಯರು, ವಿದ್ಯಾರ್ಥಿಗಳು ಬಾಯಿ ನೋಡುವುದನ್ನು ಕಲಿಯಲಿ. ಕುದುರೆ ಸಾಕಿದವರಿಗೆ ಮತ್ತು ಲಾಳ ಕಟ್ಟುವವರಿಗೆ ಅರ ಕೊಡುವುದು ಬೇಡ. ಕೆನ್ನೆ ಒತ್ತಿ ನೋಡುವುದು, ಲದ್ದಿ ಬಿಡಿಸಿ ನೋಡುವುದು, ಕಡಿವಾಣದ ಅಗಲ ಅಳೆಯುವುದು, ಎರಡೂವರೆಯಿಂದ ಐದು ವರ್ಷದ ನಡುವೆ ಹಾಲುಹಲ್ಲು ಬೀಳುವಾಗ ಹೊಸ ಕುದುರೆಯನ್ನು ಕಡಿವಾಣಕ್ಕೆ ಒತ್ತಾಯಿಸದಿರುವುದು, ಇಷ್ಟನ್ನು ಒಂದು ಬೆಳಿಗ್ಗೆಯಲ್ಲಿ ಹೇಳಿಕೊಡಬಹುದು. ವರ್ಷಕ್ಕೊಮ್ಮೆ ಬಾಯಿ ನೋಡಿಸಿದರೆ ಹೆಚ್ಚಿನ ಕುದುರೆಗಳಿಗೆ ಸಾಕು. ಐದರೊಳಗಿನ ಎಳೆಯವಕ್ಕೂ ಹದಿನೈದು ದಾಟಿದ ಮುದಿಯವಕ್ಕೂ ಎರಡು ಸಲ ಆದರೆ ಒಳ್ಳೆಯದು.

ದಿನವನ್ನೂ ಪಂಚಾಂಗವೇ ಕೊಡುತ್ತದೆ. ಆಷಾಢದಲ್ಲಿ ಮದುವೆ ಇಲ್ಲ. ಜೀನು, ಜರಿಯ ಮುಖಪಟ್ಟಿ ಎಲ್ಲ ಬಿಚ್ಚಿಟ್ಟು ಕುದುರೆಗಳು ಒಂದು ತಿಂಗಳು ಬಿಡುವಾಗಿ ನಿಂತಿರುತ್ತವೆ, ಅರ ಆಡಿದ ಮೇಲೆ ಕಡಿವಾಣವಿಲ್ಲದೆ ಕೆಲವು ದಿನ ಮೆತ್ತನೆಯ ಮೇವು ತಿಂದು ಸುಧಾರಿಸಿಕೊಳ್ಳಲು ಅವಕ್ಕೂ ಸಮಯ ಸಿಗುತ್ತದೆ. ಆ ತಿಂಗಳಲ್ಲೇ ಹೊಸಪೇಟೆಯಲ್ಲಿ ಒಂದು ಶಿಬಿರ ಇಡಲಿ, ಮರುವಾರ ಕಂಪ್ಲಿಯಲ್ಲಿ, ಅದರ ಮುಂದಿನ ವಾರ ಸಂಡೂರಿನಲ್ಲಿ. ಬರುವ ಪ್ರತಿ ಕುದುರೆಗೂ ಕತ್ತೆಗೂ ಒಂದು ಕಾರ್ಡು ಮಾಡಿ, ಯಾವ ಹಲ್ಲು ಚೂಪಾಗಿತ್ತು, ಎಷ್ಟು ತೆಗೆದರು, ಮತ್ತೆ ಯಾವಾಗ ನೋಡಬೇಕು ಎಂದು ಬರೆದು ಸಾಕಿದವರ ಕೈಯಲ್ಲೇ ಕೊಡಲಿ.